ಮೊಬೈಲಿನ ರಸೀದಿಯೂ ಖಾತೆ ವಹಿಯ ಪುಟವೇ



ಭಾಲ್ಕಿ ತಾಲ್ಲೂಕಿನ ಮೆಹಕರದಂತಹ ಗಡಿಗ್ರಾಮಗಳ ಅಂಗಡಿಗಳಲ್ಲಿ ಹಿಂದೆ ಖಾತೆ ವಹಿಗೆ ಗಲ್ಲಾಪೆಟ್ಟಿಗೆಯಷ್ಟೇ ಗೌರವವಿತ್ತು. ಕೆಂಪು ಬಟ್ಟೆಯ ಹೊದಿಕೆಯ ಆ ಉದ್ದನೆಯ ಪುಸ್ತಕವನ್ನು ದೀಪಾವಳಿಯಲ್ಲಿ ಪೂಜಿಸಿದ ಮೇಲೆಯೇ ಹೊಸ ವರ್ಷದ ಮೊದಲ ಜಮೆ ಬರೆಯುತ್ತಿದ್ದರು. ದಿನದ ಕಿರ್ದಿ ಬೇರೆ, ಆಸಾಮಿವಾರು ಖತಾವಣಿ ಬೇರೆ. ಯಾರಿಗೆ ಎಷ್ಟು ಉದ್ರಿ, ಅಡತಿ ಅಂಗಡಿಯಿಂದ ತೊಗರಿಯ ಪಟ್ಟಿ ಎಷ್ಟು ಬಂತು, ಗೊಬ್ಬರದ ಹಣ ಯಾವಾಗ ಮುಟ್ಟಿತು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಬರೆದವರು ಕಾಲವಾದ ಮೇಲೂ ಬರೆದದ್ದು ಉಳಿಯುತ್ತಿತ್ತು. ಮಕ್ಕಳು ಅದನ್ನು ತೆರೆದು ಲೆಕ್ಕ ಮುಂದುವರಿಸುತ್ತಿದ್ದರು.

ಇಂದು ಅದೇ ಅಂಗಡಿಯ ಕಟ್ಟೆಯ ಮೇಲೆ ಕ್ಯೂಆರ್ ಫಲಕ ನಿಂತಿದೆ. ಎರಡು ರೂಪಾಯಿಯ ಕಡ್ಡಿಪೆಟ್ಟಿಗೆಗೂ ಗಿರಾಕಿ ಫೋನು ಹಿಡಿಯುತ್ತಾನೆ. ಸಗಟು ವ್ಯಾಪಾರಿಯ ಬಿಲ್ಲು ವಾಟ್ಸಾಪಿಗೆ ಬರುತ್ತದೆ, ವಿದ್ಯುತ್ ಬಿಲ್ಲಿನ ಪಾವತಿ ಸಂದೇಶವಾಗಿ ಬರುತ್ತದೆ, ಲಾರಿ ಬಾಡಿಗೆ ಕೊಟ್ಟದ್ದಕ್ಕೆ ಪರದೆಯ ಚಿತ್ರವೊಂದೇ ಗುರುತು. ಹಣ ಹರಿಯುವ ದಾರಿ ಬದಲಾಯಿತು. ಲೆಕ್ಕ ಇಡುವ ಅಭ್ಯಾಸ ಮಾತ್ರ ಅದರ ಹಿಂದೆ ಓಡಿ ಬರಲಿಲ್ಲ. ವಹಿಯನ್ನು ಕಪಾಟಿನಲ್ಲಿ ಭದ್ರವಾಗಿ ಇಡುತ್ತಿದ್ದ ಮನೆತನಗಳಲ್ಲಿಯೇ ಈಗ ವರ್ಷದ ವ್ಯವಹಾರವೆಲ್ಲ ಒಂದು ಫೋನಿನೊಳಗೆ, ಮದುವೆಯ ಫೋಟೋ ಮತ್ತು ಹಬ್ಬದ ಶುಭಾಶಯಗಳ ನಡುವೆ ಕಲಸಿಹೋಗಿದೆ. ಈ ಸಂಚಿಕೆಯಲ್ಲಿ ನಾವು ಅದರ ಬಗೆಗೆ ಸ್ವಲ್ಪ ವಿವರವಾಗಿ ಹೇಳಬಯಸುತ್ತೇವೆ.

ತೆರಿಗೆಗಾಗಿ ಲೆಕ್ಕ ಇಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬೀದರ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ 1950ರಲ್ಲಿ ಅಲ್ಲಿ ಮಾರಾಟ ತೆರಿಗೆಯ ಕಾಯಿದೆ ಬಂದಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1957ರ ಮಾರಾಟ ತೆರಿಗೆ ಕಾಯಿದೆ, 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಅಂದರೆ ಜಿಎಸ್‌ಟಿ ಬಂದವು. ಕಾಯಿದೆಯ ಹೆಸರು ಮೂರು ಬಾರಿ ಬದಲಾದರೂ ಅಧಿಕಾರಿ ಕೇಳುವ ಪ್ರಶ್ನೆ ಬದಲಾಗಲಿಲ್ಲ: ‘ಇದಕ್ಕೆ ಆಧಾರವೇನು, ತೋರಿಸಿರಿ.’

ಆ ಪ್ರಶ್ನೆ ಎಷ್ಟು ಭಾರವಾದುದೆಂಬುದನ್ನು 2025ರ ಜುಲೈ ತಿಂಗಳು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೋರಿಸಿಕೊಟ್ಟಿತು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಖಾತೆಗಳಿಗೆ ಬಂದ ಹಣದ ಮಾಹಿತಿಯನ್ನು ತರಿಸಿಕೊಂಡು, 2021-22ರಿಂದ 2024-25ರವರೆಗಿನ ವರ್ಷಗಳಿಗಾಗಿ ಸಾವಿರಾರು ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ತೆರಿಗೆ ನೋಟೀಸು ಬಂದ ಸುದ್ದಿ ನಾಡೆಲ್ಲ ಹರಡಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಖಾತೆಗೆ ಬಂದ ಮೊತ್ತ ತನ್ನಷ್ಟಕ್ಕೆ ತಾನು ‘ನಾನು ತರಕಾರಿಯ ಹಣ’ ಎಂದು ಹೇಳುವುದಿಲ್ಲವಷ್ಟೆ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಕಿತ್ತು ‘ನಗದು ಮಾತ್ರ’ ಎಂಬ ಬರಹ ತೂಗುಹಾಕಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಯ ವಸೂಲಿಯನ್ನು ಬಿಡುವುದಾಗಿಯೂ, ನೋಂದಣಿಗೆ ಅರ್ಹರಾದವರು ಮುಂದೆ ನೋಂದಾಯಿಸಿಕೊಳ್ಳಬೇಕೆಂದೂ ತಿಳಿಸಿದ ಮೇಲೆ ಕಾವು ತಣ್ಣಗಾಯಿತು.

ಆ ಸಲದ ಆತಂಕ ಕಳೆಯಿತೆಂದು ನಾವು ಮೈಮರೆಯಬಾರದು. ಕ್ಯೂಆರ್ ಫಲಕ ಕಿತ್ತುಹಾಕುವುದು ಪರಿಹಾರವೂ ಅಲ್ಲ. ತೆರಿಗೆ ಬೀಳುವುದು ಮಾರಾಟದ ಮೇಲೆ. ಗಿರಾಕಿ ನೋಟು ಕೊಟ್ಟನೋ ಫೋನು ತೋರಿಸಿದನೋ ಎಂಬುದರ ಮೇಲಲ್ಲ. ಹಾಗಾದರೆ ವ್ಯಾಪಾರಿಯನ್ನು ಕಾಯುವುದು ಯಾವುದು? ಒಂದು ಲೆಕ್ಕ ಹಾಕಿ ನೋಡೋಣ.

ಮೆಹಕರದಲ್ಲಿ ಒಂದು ಕಿರಾಣಿ ಅಂಗಡಿ ಇದೆ ಎಂದಿಟ್ಟುಕೊಳ್ಳಿರಿ. ವರ್ಷದಲ್ಲಿ ಅಂಗಡಿಯವರ ಬ್ಯಾಂಕ್ ಖಾತೆಗೆ 45 ಲಕ್ಷ ರೂಪಾಯಿ ಬಂದಿದೆ. ಅದರಲ್ಲಿ ಪುಣೆಯಲ್ಲಿ ನೌಕರಿ ಮಾಡುವ ಮಗ ಮನೆಗೆ ಕಳುಹಿಸಿದ್ದು 4 ಲಕ್ಷ. ಮಗಳ ಮದುವೆಗೆಂದು ಸೋದರಮಾವನವರು ಕೈಗಡ ಕೊಟ್ಟದ್ದು 3 ಲಕ್ಷ. ಸಹಕಾರ ಸಂಘದಿಂದ ಬಂದ ಬೆಳೆಸಾಲ 2 ಲಕ್ಷ. ಈ 9 ಲಕ್ಷ ಕಳೆದರೆ ಅಂಗಡಿಯ ಮಾರಾಟ 36 ಲಕ್ಷ. ನಗದಿನಲ್ಲಿ ಮಾರಿದ್ದು ಮತ್ತೆ 3 ಲಕ್ಷ ಕೂಡಿಸಿದರೆ ಒಟ್ಟು 39 ಲಕ್ಷ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆ ಒದಗಿಸುವವರಿಗೆ ಈ ಮಿತಿ 20 ಲಕ್ಷ. ಹೀಗೆ ನಮ್ಮ ಕಿರಾಣಿಯವರು ಮಿತಿಯೊಳಗೇ ಇದ್ದಾರೆ. ಆದರೆ ಆ 9 ಲಕ್ಷ ಮಾರಾಟದ ಹಣವಲ್ಲವೆಂದು ತೋರಿಸುವ ಕಾಗದವಾಗಲಿ ಸಂದೇಶವಾಗಲಿ ಅವರ ಬಳಿ ಇಲ್ಲದಿದ್ದರೆ, ನೋಡುವವರ ಕಣ್ಣಿಗೆ ಅವರ ವಹಿವಾಟು 45 ಲಕ್ಷವೇ. ಸತ್ಯ ಒಂದಿದ್ದರೂ ಸಾಕ್ಷಿ ಇಲ್ಲದೆ ಅದು ನಿಲ್ಲಲಾರದು.

ಇಲ್ಲಿ ಎರಡು ಮಾತು ಸೇರಿಸಬೇಕು. 40 ಲಕ್ಷದ ಲೆಕ್ಕಕ್ಕೆ ತೆರಿಗೆ ಇಲ್ಲದ ಸರಕಿನ ಮಾರಾಟವೂ ಸೇರುತ್ತದೆ. ಪೂರ್ತಿ ತೆರಿಗೆಮುಕ್ತ ಸರಕನ್ನೇ ಮಾರುವವರಿಗೆ ಮಾತ್ರ ನೋಂದಣಿ ಬೇಕಾಗಿಲ್ಲ. ಎರಡನೆಯದು, ತಂಬಾಕು, ಪಾನ್ ಮಸಾಲ, ಐಸ್‌ಕ್ರೀಂ ಮಾರುವವರಿಗೆ 40 ಲಕ್ಷದ ಸೌಲಭ್ಯ ಅನ್ವಯಿಸದು. ಅವರಿಗೆ 20 ಲಕ್ಷವೇ ಮಿತಿ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಗುಟ್ಕಾ ಚೀಟಿಗಳ ಸರ ತೂಗುಹಾಕುವವರು ಆರೋಗ್ಯದ ಜೊತೆಗೆ ಈ ವಿಷಯವನ್ನೂ ಯೋಚಿಸಬೇಕು.

ಈಗ ರಸೀದಿ ಎಂದರೇನು ಎಂಬುದನ್ನು ಬಿಡಿಸಿ ನೋಡೋಣ. ಯುಪಿಐ ಪಾವತಿಯ ಪರದೆಯ ಚಿತ್ರ ತೆಗೆದಿಟ್ಟುಕೊಂಡರೆ ಎಲ್ಲವೂ ಮುಗಿಯಿತೆಂದು ಬಹಳ ಜನ ಭಾವಿಸುತ್ತಾರೆ. ಅದು ಹಣ ಸಂದಾಯವಾದುದಕ್ಕೆ ಗುರುತು. ಅದರಲ್ಲಿನ 12 ಅಂಕಿಗಳ ಸಂಖ್ಯೆ ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಲು ಬೇಕು. ಆದರೆ ಆ ಹಣ ಸಕ್ಕರೆಗೆ ಕೊಟ್ಟದ್ದೋ ಸಿಮೆಂಟಿಗೆ ಕೊಟ್ಟದ್ದೋ, ತೆರಿಗೆ ಎಷ್ಟು, ಮಾರಿದವರ ನೋಂದಣಿ ಸಂಖ್ಯೆ ಯಾವುದು ಎಂಬುದನ್ನು ಹೇಳುವುದು ಬಿಲ್ಲು. ನೋಂದಾಯಿತ ವ್ಯಾಪಾರಿ ಕೊಳ್ಳುವಾಗ ತೆತ್ತ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ ತೆರಿಗೆ ಬಿಲ್ಲು ಕೈಯಲ್ಲಿರಬೇಕೆಂದು ಕಾಯಿದೆ ಹೇಳುತ್ತದೆ. ಬಿಲ್ಲಿನ ದಿನದಿಂದ 180 ದಿನಗಳೊಳಗೆ ಮಾರಿದವರಿಗೆ ಹಣ ಸಂದಾಯವಾಗದಿದ್ದರೆ ಆ ಕಳೆತವನ್ನು ಹಿಂದಿರುಗಿಸಬೇಕೆಂದೂ ಹೇಳುತ್ತದೆ. ಆದುದರಿಂದ ಬಿಲ್ಲು ಮತ್ತು ಪಾವತಿ ಜೋಡೆತ್ತುಗಳಿದ್ದಂತೆ; ಒಂದನ್ನೇ ಹೂಡಿದರೆ ಗಾಡಿ ಸಾಗದು.

‘ಫೋನಿನಲ್ಲಿರುವುದನ್ನು ಸರಕಾರ ಒಪ್ಪುತ್ತದೆಯೇ?’ ಎಂಬುದು ಹಿರಿಯರ ಸಹಜ ಸಂದೇಹ. ಒಪ್ಪುತ್ತದೆ. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಆದರೆ ಷರತ್ತುಗಳಿವೆ: ದಾಖಲೆ ಮುಂದೆಯೂ ತೆರೆದು ಓದಲು ಸಿಗಬೇಕು, ಬಂದ ರೂಪದಲ್ಲಿಯೇ, ಇಲ್ಲವೇ ಅದನ್ನು ನಿಖರವಾಗಿ ತೋರಿಸುವ ರೂಪದಲ್ಲಿ ಇರಬೇಕು, ಎಲ್ಲಿಂದ, ಯಾವ ದಿನ, ಯಾವ ವೇಳೆಗೆ ಬಂತೆಂಬುದು ತಿಳಿಯುವಂತಿರಬೇಕು. ಜಿಎಸ್‌ಟಿ ಕಾಯಿದೆಯೂ ಲೆಕ್ಕಪತ್ರವನ್ನು ವಿದ್ಯುನ್ಮಾನ ರೂಪದಲ್ಲಿ ಇಡಲು ಅನುಮತಿ ನೀಡಿದೆ. ಅದರ ನಿಯಮಗಳ ಪ್ರಕಾರ ಬೆಂಕಿ, ನೀರು, ಅಪಘಾತಗಳಿಂದ ದಾಖಲೆ ಹಾಳಾದರೂ ಮರಳಿ ಪಡೆಯಲಾಗುವಂತೆ ಇನ್ನೊಂದು ಪ್ರತಿ ಇರಬೇಕು. ಅಧಿಕಾರಿ ಕೇಳಿದಾಗ ಕಡತದ ವಿವರ ಮತ್ತು ಪಾಸ್‌ವರ್ಡ್ ಸಹಿತ ಒದಗಿಸಬೇಕು. ತಪ್ಪು ದಾಖಲೆಯನ್ನು ಸದ್ದಿಲ್ಲದೆ ಅಳಿಸಬಾರದು, ತಿದ್ದಿದ್ದಕ್ಕೂ ಗುರುತು ಉಳಿಯಬೇಕು. ಹಳೆಯ ವಹಿಯಲ್ಲಿಯೂ ಪುಟ ಹರಿಯುವಂತಿರಲಿಲ್ಲ, ತಪ್ಪಿದ ಅಂಕಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯುತ್ತಿದ್ದರು. ಅದೇ ಮರ್ಯಾದೆ ಇಲ್ಲಿಯೂ ಸಲ್ಲುತ್ತದೆ.

ಎಷ್ಟು ಕಾಲ ಇಡಬೇಕು? ಜಿಎಸ್‌ಟಿಯಲ್ಲಿ ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. 2024-25ರ ವ್ಯವಹಾರಕ್ಕೆ ಆ ಕೊನೆಯ ದಿನ 2025ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ ಎಂದರೆ 2031ರ ಡಿಸೆಂಬರ್ 31ರವರೆಗೆ. ಮೇಲ್ಮನವಿಯೋ ತನಿಖೆಯೋ ನಡೆದಿದ್ದರೆ ಅದು ಮುಗಿದ ಮೇಲೆ ಇನ್ನೂ ಒಂದು ವರ್ಷ, ಇಲ್ಲವೇ ಈ ಅವಧಿ, ಯಾವುದು ತಡವೋ ಅದು. ಒಂದು ಫೋನು ಆರು ವರ್ಷ ಬಾಳುವುದೇ ಅಪರೂಪ. ವ್ಯಾಪಾರಿಯ ದಾಖಲೆ ಎರಡು ಮೂರು ಫೋನುಗಳನ್ನು ದಾಟಿ ಬದುಕಬೇಕಾಗಿದೆ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ, ಎಚ್ಚರಿಕೆ ಏಕೆ ಬೇಕೆಂಬುದು ತಾನೇ ತಿಳಿಯುತ್ತದೆ.

ಆದಾಯ ತೆರಿಗೆಯಲ್ಲಿಯೂ ರಸೀದಿಯ ಬೆಲೆ ಇದೆ. ಸಣ್ಣ ವ್ಯಾಪಾರಿಗಳು ವಿವರವಾದ ಲೆಕ್ಕಪುಸ್ತಕವಿಲ್ಲದೆ ಅಂದಾಜು ಲಾಭದ ಮೇಲೆ ತೆರಿಗೆ ಸಲ್ಲಿಸುವ ಪದ್ಧತಿಯಲ್ಲಿ ನಗದು ವಹಿವಾಟಿಗೆ ಕನಿಷ್ಠ ನೂರಕ್ಕೆ 8ರಷ್ಟು ಲಾಭ ತೋರಿಸಬೇಕು. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದುದಕ್ಕೆ 6 ಸಾಕು. 30 ಲಕ್ಷದ ವಹಿವಾಟಿನಲ್ಲಿ ಆ ವ್ಯತ್ಯಾಸ 60 ಸಾವಿರ ರೂಪಾಯಿ ಆದಾಯದಷ್ಟು. ಯಾವುದು ನಗದು, ಯಾವುದು ಬ್ಯಾಂಕಿನದು ಎಂದು ತೋರಿಸುವುದಕ್ಕೂ ದಾಖಲೆಯೇ ಬೇಕು. ಪೂರ್ಣ ಲೆಕ್ಕ ಇಡುವವರು ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಾಮಾನ್ಯವಾಗಿ ಅದು ಖರ್ಚೆಂದು ಮಾನ್ಯವಾಗದು.

ಮೆಹಕರದವರಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಅಗತ್ಯ. ನಮ್ಮದು ಗಡಿಸೀಮೆ. ಸಾಮಾನು ತರುವುದು ಭಾಲ್ಕಿ, ಬೀದರಗಳಿಂದ ಹೇಗೋ ಉದಗೀರದಿಂದಲೂ ಹಾಗೆಯೇ. ನೆಂಟಸ್ತಿಕೆಗೆ ಗಡಿಯಿಲ್ಲ, ಸಂತೆಗೂ ಇಲ್ಲ. ಆದರೆ ಬಿಲ್ಲಿಗೆ ಗಡಿ ಇದೆ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36. ಭಾಲ್ಕಿಯ ಬಿಲ್ಲಿನಲ್ಲಿ ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ ಎಂದು ಎರಡು ಭಾಗವಿರುತ್ತದೆ. ಉದಗೀರದಿಂದ ತರಿಸಿದ ಸರಕಿನ ಬಿಲ್ಲಿನಲ್ಲಿ ಐಜಿಎಸ್‌ಟಿ ಎಂಬ ಒಂದೇ ತೆರಿಗೆ. ಎರಡನ್ನೂ ಬೇರೆ ಬೇರೆಯಾಗಿ ಇಡದಿದ್ದರೆ ವರ್ಷದ ಕೊನೆಗೆ ತಾಳೆ ಕೂಡದು. ನೋಂದಣಿಯಿಲ್ಲದವರು ಹೊರರಾಜ್ಯದಿಂದ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ತೆರಿಗೆ ಇರುವ ಸರಕನ್ನು ಗಡಿಯಾಚೆಗೆ ಮಾರಿ ಕಳುಹಿಸಬೇಕಾದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. 50,000 ರೂಪಾಯಿ ಮೀರಿದ ಸರಕು ಸಾಗಿಸುವಾಗ ಇ-ವೇ ಬಿಲ್ಲು ಬೇಕಾಗುತ್ತದೆ. ಅದನ್ನೂ ಖರೀದಿ ಬಿಲ್ಲಿನ ಜೊತೆಯಲ್ಲಿಯೇ ಇಡಬೇಕು.

ಬಿಲ್ಲಿನ ತಾರೀಖಿಗೂ ಮಹತ್ವವಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಸಿಮೆಂಟಿನ ಮೇಲೆ 28 ಇದ್ದದ್ದು 18ಕ್ಕೆ, ಟ್ರ್ಯಾಕ್ಟರಿನ ಮೇಲೆ 12 ಇದ್ದದ್ದು 5ಕ್ಕೆ ಇಳಿಯಿತು. ಅದೇ ತಿಂಗಳ ಎರಡು ಬಿಲ್ಲುಗಳಲ್ಲಿ ಎರಡು ದರ ಕಂಡರೆ ತಪ್ಪೆಂದು ಭಾವಿಸಬಾರದು. ತಾರೀಖು ಸ್ಪಷ್ಟವಿದ್ದರೆ ಉತ್ತರ ಅದರಲ್ಲಿಯೇ ಇರುತ್ತದೆ. ತಾರೀಖು ಕಾಣದ ಅರ್ಧಂಬರ್ಧ ಚಿತ್ರ ತೆಗೆದಿಟ್ಟವರಿಗೆ ಆ ಉತ್ತರ ಸಿಗದು.

ಯಂತ್ರದಿಂದ ಹೊರಬರುವ ನುಣುಪಾದ ಕಾಗದದ ರಸೀದಿಯನ್ನೂ ನಂಬಿ ಕೂಡಬಾರದು. ಅದರ ಮೇಲಿರುವುದು ಶಾಯಿಯಲ್ಲ. ಶಾಖಕ್ಕೆ ಕಪ್ಪಾಗುವ ಲೇಪ. ನಮ್ಮ ಕಡೆಯ ಬೇಸಿಗೆಯಲ್ಲಿ, ತಗಡಿನ ಛಾವಣಿಯ ಅಂಗಡಿಯಲ್ಲಿ, ಎಣ್ಣೆಯ ಕೈ ತಾಗಿದರೆ ಕೆಲವೇ ತಿಂಗಳಲ್ಲಿ ಅದು ಬರಿಯ ಬಿಳಿ ಚೀಟಿಯಾಗುತ್ತದೆ. ಕೈಗೆ ಬಂದ ದಿನವೇ ಅದರ ಚಿತ್ರ ತೆಗೆಯುವುದು ಕ್ಷೇಮ.

ಇನ್ನು ನಿತ್ಯದ ಕ್ರಮ. ಇದಕ್ಕೆ ದುಬಾರಿ ಗಣಕಯಂತ್ರ ಬೇಕಿಲ್ಲ, ಶಿಸ್ತು ಬೇಕು.

1. ಅಂಗಡಿಗೆ ಒಂದು ಬ್ಯಾಂಕ್ ಖಾತೆ, ಮನೆಗೆ ಇನ್ನೊಂದು. ಕ್ಯೂಆರ್ ಫಲಕ ಅಂಗಡಿಯ ಖಾತೆಗೆ ಮಾತ್ರ ಸೇರಿರಲಿ. ಮಗ ಕಳುಹಿಸುವ ಹಣ, ನೆಂಟರ ಕೈಗಡ, ಮುಯ್ಯಿ ಎಲ್ಲ ಮನೆಯ ಖಾತೆಗೆ ಬರಲಿ.

2. ಕೈಗಡ ಪಡೆದಾಗ ‘ಮದುವೆ ಖರ್ಚಿಗೆ ಕೈಗಡ’ ಎಂದು ಪಾವತಿಯ ಟಿಪ್ಪಣಿಯಲ್ಲಿಯೇ ಬರೆಸಿರಿ. ಇಬ್ಬರೂ ಸಹಿ ಮಾಡಿದ ಒಂದು ಚೀಟಿಯೂ ಇರಲಿ. ನೆಂಟಸ್ತಿಕೆಯಲ್ಲಿ ಚೀಟಿ ಏಕೆಂದು ಸಂಕೋಚಪಡಬಾರದು. ಚೀಟಿ ಇದ್ದ ಕಡೆ ನೆಂಟಸ್ತಿಕೆಯೂ ಬಾಳುತ್ತದೆ.

3. ವಾಟ್ಸಾಪಿಗೆ ಬಂದ ಬಿಲ್ಲನ್ನು ಅಲ್ಲಿಯೇ ಬಿಡದೆ ಅದಕ್ಕೆಂದೇ ಮಾಡಿದ ಕೋಶಕ್ಕೆ ಉಳಿಸಿರಿ. ವರ್ಷಕ್ಕೊಂದು ಕೋಶ, ಅದರೊಳಗೆ ತಿಂಗಳಿಗೊಂದು. ಹೆಸರನ್ನು ವರ್ಷ, ತಿಂಗಳು, ದಿನ, ಕೊಟ್ಟವರು, ಮೊತ್ತ ಎಂಬ ಕ್ರಮದಲ್ಲಿ ಕೊಟ್ಟರೆ ಫೋನು ತಾನಾಗಿಯೇ ಸಾಲಾಗಿ ಜೋಡಿಸುತ್ತದೆ.

4. ಪಿಡಿಎಫ್ ಆಗಿ ಬಂದ ಬಿಲ್ಲಿಗೆ ಆ ಪಿಡಿಎಫೇ ಮೂಲ. ಮುದ್ರಿಸಿಕೊಂಡರೂ ಅದನ್ನು ಅಳಿಸಬಾರದು. ಕಾಗದವಾಗಿ ಬಂದುದಕ್ಕೆ ಕಾಗದವೇ ಮೂಲ; ಚಿತ್ರ ತೆಗೆದರೂ ಅದನ್ನು ಎಸೆಯಬಾರದು.

5. ದಿನಕ್ಕೊಮ್ಮೆ ಅಂಗಡಿ ಮುಚ್ಚುವ ಮುನ್ನ ಯುಪಿಐ ಮೊತ್ತ, ನಗದಿನ ಮೊತ್ತ, ಉದ್ರಿ ಈ ಮೂರನ್ನೂ ಕಿರ್ದಿಯಲ್ಲಿ ಬರೆಯಿರಿ. 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ ಬಿಲ್ಲು ಬೇಡವೆಂದ, ನೋಂದಣಿಯಿಲ್ಲದ ಗಿರಾಕಿಗೆ ಪ್ರತ್ಯೇಕ ಬಿಲ್ಲು ಬೇಕಿಲ್ಲ. ಆದರೆ ನೋಂದಾಯಿತ ವ್ಯಾಪಾರಿ ಅವೆಲ್ಲಕ್ಕೂ ಸೇರಿ ದಿನದ ಕೊನೆಗೆ ಒಂದು ಒಟ್ಟು ಬಿಲ್ಲು ಮಾಡಬೇಕು.

6. ತಿಂಗಳ ಕೊನೆಯ ದಿನ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೂ ಅಂತರಜಾಲದ ಸಂಗ್ರಹಕ್ಕೂ ನಕಲು ಮಾಡಿರಿ. ಪೆನ್‌ಡ್ರೈವು ಅಂಗಡಿಯಲ್ಲಿ ಬೇಡ, ಮನೆಯ ಕಪಾಟಿನಲ್ಲಿರಲಿ. ಅಂಗಡಿಗೆ ಬಂದ ಆಪತ್ತು ಮನೆಗೂ ಒಮ್ಮೆಲೇ ಬರಲಾರದು.

7. ಏಪ್ರಿಲ್ ಮೊದಲ ವಾರದಲ್ಲಿ ಹಿಂದಿನ ವರ್ಷದ ಬ್ಯಾಂಕಿನ ಪೂರ್ಣ ತಖ್ತೆಯನ್ನು ತೆಗೆದಿಡಿರಿ. ಪ್ರತಿ ಜಮೆಯ ಮುಂದೆ ‘ಅಂಗಡಿ’ ಅಥವಾ ‘ಮನೆ’ ಎಂದು ಗುರುತು ಹಾಕಿರಿ. ನೆನಪು ಹಸಿಯಾಗಿರುವಾಗ ಒಂದು ಸಂಜೆಯ ಕೆಲಸ. ನಾಲ್ಕು ವರ್ಷದ ನಂತರ ಅದು ಎಷ್ಟು ದಿನ ಕೂತರೂ ಮುಗಿಯದು.

ನೋಂದಣಿ ಬೇಕೇ ಬೇಡವೇ, ರಾಜಿ ಪದ್ಧತಿ ಅನುಕೂಲವೇ ಎಂಬಂತಹ ಪ್ರಶ್ನೆಗಳನ್ನು ಅರಿತ ಲೆಕ್ಕಪರಿಶೋಧಕರಲ್ಲಿಯೇ ಕೇಳಬೇಕು. ಆದರೆ ಅವರ ಮುಂದೆ ಬರಿಗೈಯಲ್ಲಿ ಹೋಗಿ ಕುಳಿತರೆ ಅವರೂ ಏನು ಮಾಡಿಯಾರು? ವೈದ್ಯರಿಗೆ ನಾಡಿ ಹೇಗೋ ಅವರಿಗೆ ರಸೀದಿ ಹಾಗೆ.

ಇನ್ನೊಂದು ಮಾತನ್ನು ಮನೆಯ ತಾಯಂದಿರೂ ಮಕ್ಕಳೂ ಕೇಳಬೇಕು. ಅಂಗಡಿಯ ಯಜಮಾನರ ಫೋನಿನ ಪಾಸ್‌ವರ್ಡ್ ಅವರ ಬೆರಳಿಗೆ ಮಾತ್ರ ಗೊತ್ತು. ಅಕಸ್ಮಾತ್ ಅವರು ಲಿಂಗೈಕ್ಯರಾದರೆ ಆ ಫೋನು ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ. ಕಾಯಿದೆಯಂತೆ, ತೀರಿಕೊಂಡವರ ವ್ಯಾಪಾರವನ್ನು ವಾರಸುದಾರರು ಮುಂದುವರಿಸಿದರೆ ಬಾಕಿ ತೆರಿಗೆಯ ಹೊಣೆ ಅವರಿಗೆ ಬರುತ್ತದೆ. ವ್ಯಾಪಾರ ನಿಲ್ಲಿಸಿದರೂ ತೀರಿಕೊಂಡವರ ಆಸ್ತಿಯಿಂದ ಅದನ್ನು ಸಲ್ಲಿಸಬೇಕಾಗುತ್ತದೆ. ದುಃಖದಲ್ಲಿರುವ ಹೆಣ್ಣುಮಗಳೊಬ್ಬಳು ಯಾವ ಹಣ ಯಾರದೆಂದು ತಿಳಿಯದೆ, ಯಾರು ಬಾಕಿ ಕೊಡಬೇಕೆಂಬುದೂ ಗೊತ್ತಾಗದೆ, ನೋಟೀಸು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು. ಲೆಕ್ಕದ ಕೋಶ ಎಲ್ಲಿದೆ, ಪೆನ್‌ಡ್ರೈವು ಯಾವ ಕಪಾಟಿನಲ್ಲಿದೆ, ಪಾಸ್‌ವರ್ಡ್ ಬರೆದ ಲಕೋಟೆ ಯಾರ ಬಳಿ ಇದೆ ಎಂಬುದನ್ನು ಮನೆಯಲ್ಲಿ ಇನ್ನೊಬ್ಬರಾದರೂ ತಿಳಿದಿರಲೇಬೇಕು. ಹಿಂದೆ ವಹಿಯ ಮೇಲೆ ಬೀಗವಿರಲಿಲ್ಲ. ಅದೇ ಅದರ ದೊಡ್ಡ ಗುಣವಾಗಿತ್ತು.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದವರು. ದಾಸೋಹಕ್ಕೆ ಭಂಡಾರದ ಹಣ ಬಳಸಿದರೆಂಬ ದೂರು ಬಂದಾಗ ಲೆಕ್ಕ ತೆಗೆಸಿ ನೋಡಿದರೆ ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂದು ಪರಂಪರೆಯ ಕಥೆ ಹೇಳುತ್ತದೆ. ಕಾಯಕ ಶುದ್ಧವಾಗಿರಬೇಕೆಂದು ನಂಬಿದ ಮನೆತನಗಳಿಗೆ ಲೆಕ್ಕವೂ ಕಾಯಕದ ಒಂದು ಅಂಗವೇ ಸರಿ. ಸುಳ್ಳು ಬಿಲ್ಲು ಕೂಡಿಸುವುದು, ಮಾರಾಟ ಮುಚ್ಚಿಡುವುದು ಈ ಕ್ರಮದಲ್ಲಿ ಸೇರಲಾರವು. ಕೊಡಬೇಕಾದುದನ್ನು ಕೊಟ್ಟು, ಕೊಡಬೇಕಾಗಿಲ್ಲದುದನ್ನು ಕೊಡದೆ ಇರಲು ಬೇಕಾದ ಬಲ ರಸೀದಿಯಲ್ಲಿದೆ.

ಈ ತಿಂಗಳು ಓದುಗರು ಒಂದು ಕೆಲಸವನ್ನಾದರೂ ಮಾಡಲೆಂದು ಕೋರುತ್ತೇವೆ. ಮನೆಯಲ್ಲಿ ಓದಿದ ಮಗನನ್ನೋ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂಡಿಸಿಕೊಂಡು, ಫೋನಿನಲ್ಲಿ ಚದುರಿಬಿದ್ದ ಬಿಲ್ಲುಗಳನ್ನು ಈ ವರ್ಷದ ಕೋಶಕ್ಕೆ ಸೇರಿಸಲು ಆರಂಭಿಸಿರಿ. ಬರುವ ದೀಪಾವಳಿಯಲ್ಲಿ ಖಾತೆ ವಹಿಯ ಪಕ್ಕದಲ್ಲಿ ಆ ಪೆನ್‌ಡ್ರೈವನ್ನೂ ಇಟ್ಟು ಪೂಜಿಸಿದರೆ ಹಿರಿಯರು ನಕ್ಕಾರು, ಆದರೆ ಬೇಡವೆನ್ನಲಾರರು.